ಅಪ್ಪನ ಲಾರಿಯ ನಕ್ಷತ್ರ

ಚಿಕ್ಕಮಗಳೂರಿನ ಓದುಗರೊಬ್ಬರು ನಾಲ್ಕು ಪುಟದ ಕಾಗದ ಬರೆದಿದ್ದಾರೆ. ಅವರು ನಿವೃತ್ತ ಬ್ಯಾಂಕ್ ನೌಕರರು. ಅವರ ತಂದೆ 1960ರ ದಶಕದಲ್ಲಿ ಬೆಂಜ್ ಲಾರಿ ಓಡಿಸುತ್ತಿದ್ದರು. ಮಂಗಳೂರಿನಿಂದ ಹೆಂಚು ತುಂಬಿಕೊಂಡು ಚಾರ್ಮಾಡಿ ಘಾಟ್ ಹತ್ತಿ ಬರುವ ಲಾರಿ. ಅದು ಗುಜರಿಗೆ ಹೋದ ದಿನ ಮುಂದಿದ್ದ ಮೂರು ಕಡ್ಡಿಯ ನಕ್ಷತ್ರವನ್ನು ಬಿಚ್ಚಿಕೊಂಡು ಮನೆಗೆ ಬಂದರಂತೆ. ಅದು ಈಗಲೂ ಮನೆಯ ಟ್ರಂಕಿನಲ್ಲಿದೆ.

ಈಗ ಅಳಿಯ ಹತ್ತು ವರ್ಷ ಹಳೆಯ ಬೆಂಜ್ ಕಾರು ಕೊಳ್ಳಲು ಹೊರಟಿದ್ದಾರೆ. ಕೇಳಿದವರೆಲ್ಲ ‘ಬೇಡ, ಮೈಮೇಲೆ ಎಳ್ಕೋಬೇಡಿ’ ಅನ್ನುತ್ತಿದ್ದಾರೆ. ಓದುಗರು ಕೇಳುತ್ತಾರೆ: ‘ನಮ್ಮಪ್ಪನಿಗೆ ಬೆಂಜ್ ಅಂದರೆ ದೇವರು. ಈಗಿನವರಿಗೆ ಅದು ಖರ್ಚಿನ ಬಾವಿ. ಆ ಹೆಸರು ನಿಜವಾಗಿತ್ತಾ, ಇಲ್ಲಾ ನಮ್ಮ ಹಿರಿಯರ ಭ್ರಮೆಯಾ? ನಿಜವಾಗಿದ್ದರೆ ಕೆಟ್ಟಿದ್ದು ಯಾವಾಗ? ಮರ್ಸಿಡಿಸ್ ಅಂದರೆ ಬೆಂಜ್ ಸಾಹೇಬರ ಮಗಳ ಹೆಸರು ಅಂತ ಮೊಬೈಲಿಗೆ ಬಂದಿದೆ. ಅದಾದರೂ ನಿಜವೇ?’

ಹಿರಿಯರೇ, ನಮಸ್ಕಾರ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ತಂದೆಯವರದು ಭ್ರಮೆಯಲ್ಲ. ನಿಮ್ಮ ಅಳಿಯನನ್ನು ಹೆದರಿಸಿದವರೂ ಸುಳ್ಳು ಹೇಳಿಲ್ಲ. ಇಬ್ಬರೂ ಬೇರೆ ಬೇರೆ ಕಾಲದ ಗಾಡಿಯ ಬಗ್ಗೆ ಮಾತಾಡುತ್ತಿದ್ದಾರೆ. ಗಾಡಿ ಮುಂದೆ ಹೋಗಿಬಿಟ್ಟಿರುತ್ತದೆ, ಅದರ ಹೆಸರು ಹತ್ತು ಹದಿನೈದು ವರ್ಷ ಹಿಂದೆ ಬರುತ್ತಿರುತ್ತದೆ. ಬೆಂಜ್ ಕಥೆ ನನಗೆ ಅರ್ಥವಾಗಿರುವುದು ಹೀಗೆ.

ನಿಮ್ಮ ಲಾರಿಯಿಂದಲೇ ಶುರು ಮಾಡೋಣ. ನಮ್ಮ ಕಡೆ ಬೆಂಜ್ ಹೆಸರು ಕಟ್ಟಿದ್ದೇ ಲಾರಿ. ಆ ಕಾಲದಲ್ಲಿ ಬೆಂಜ್ ಕಾರನ್ನು ಹತ್ತಿರದಿಂದ ನೋಡಿದವರು ಎಷ್ಟು ಜನ? ಲಾರಿಯನ್ನು ಮಾತ್ರ ಊರೂರಲ್ಲಿ ನೋಡಿದ್ದರು. 1954ರಲ್ಲಿ ಟಾಟಾದವರ ಟೆಲ್ಕೋ ಕಂಪನಿ ಜರ್ಮನಿಯ ಡೈಮ್ಲರ್-ಬೆಂಜ್ ಜೊತೆ ಒಪ್ಪಂದ ಮಾಡಿಕೊಂಡು ಜಮ್ಶೆಡ್‌ಪುರದಲ್ಲಿ ಲಾರಿ ಕಟ್ಟಲು ಶುರು ಮಾಡಿತು. ಹದಿನೈದು ವರ್ಷದ ಒಪ್ಪಂದ ಅದು. 1969ರಲ್ಲಿ ಮುಗಿಯಿತು. ಆಮೇಲೆ ಲಾರಿಯ ಮೇಲಿನ ನಕ್ಷತ್ರ ಹೋಗಿ ಟಾಟಾದ ‘ಟಿ’ ಬಂತು. ಆದರೂ ಎಷ್ಟೋ ವರ್ಷ ಜನ ಅದನ್ನು ಬೆಂಜ್ ಲಾರಿ ಅಂತಲೇ ಕರೆದರು. ನೋಡಿ, ಗಾಡಿಯ ಮೇಲಿನ ಅಕ್ಷರ ಬದಲಾದರೂ ಬಾಯಲ್ಲಿ ಹೆಸರು ಬದಲಾಗಲಿಲ್ಲ. ಹಾಗಾಗಿ ನಿಮ್ಮ ತಂದೆಯವರ ನಂಬಿಕೆ ಹುಟ್ಟಿದ್ದು ಜಾಹೀರಾತು ನೋಡಿ ಅಲ್ಲ. ಹೆಂಚಿನ ಲೋಡು ಹೊತ್ತು ಮಳೆಗಾಲದಲ್ಲಿ ಘಾಟಿ ಹತ್ತುವಾಗ ಕೈಕೊಡದ ಎಂಜಿನ್ನಿನಿಂದ. ಅದಕ್ಕಿಂತ ಗಟ್ಟಿ ಸಾಕ್ಷಿ ಇನ್ನೇನು ಬೇಕು?

ಇನ್ನು ಮಗಳ ಹೆಸರಿನ ವಿಷಯ. ಮರ್ಸಿಡಿಸ್ ಒಬ್ಬ ಹುಡುಗಿಯ ಹೆಸರು ಹೌದು. ಆದರೆ ಬೆಂಜ್ ಅವರ ಮಗಳಲ್ಲ. ಕಾರ್ಲ್ ಬೆಂಜ್ ಇದ್ದದ್ದು ಮಾನ್‌ಹೈಮ್ ಊರಿನಲ್ಲಿ. 1886ರ ಜನವರಿ 29ರಂದು ಮೂರು ಗಾಲಿಯ ಮೋಟಾರು ಗಾಡಿಗೆ ಪೇಟೆಂಟ್ ಅರ್ಜಿ ಹಾಕಿದವರು ಅವರು. ಅದೇ ಕಾಲಕ್ಕೆ ಸ್ಟುಟ್‌ಗಾರ್ಟ್ ಪಕ್ಕದ ಕಾನ್‌ಸ್ಟಾಟ್‌ನಲ್ಲಿ ಗಾಟ್‌ಲೀಬ್ ಡೈಮ್ಲರ್ ಮತ್ತು ವಿಲ್‌ಹೆಲ್ಮ್ ಮೇಬ್ಯಾಕ್ ಬೇರೆಯಾಗಿ ಎಂಜಿನ್ ಮಾಡುತ್ತಿದ್ದರು. ಡೈಮ್ಲರ್ ಕಂಪನಿಯ ಕಾರುಗಳನ್ನು ಫ್ರಾನ್ಸಿನ ನೀಸ್ ಪಟ್ಟಣದ ಶ್ರೀಮಂತರಿಗೆ ಮಾರುತ್ತಿದ್ದವರು ಎಮಿಲ್ ಯೆಲಿನೆಕ್ ಎಂಬ ವ್ಯಾಪಾರಿ. ಅವರ ಮಗಳು ಮರ್ಸಿಡಿಸ್. 1900ರಲ್ಲಿ ಅವರು ಒಂದೇ ಸಲಕ್ಕೆ 36 ಕಾರು ಆರ್ಡರ್ ಕೊಟ್ಟರು. ಇನ್ನೂ ಉದ್ದ, ಇನ್ನೂ ತಗ್ಗು, ಇನ್ನೂ ಜೋರಾದ ಕಾರು ಬೇಕು, ಅದಕ್ಕೆ ಮಗಳ ಹೆಸರಿರಬೇಕು ಅಂದರು. 1901ರಲ್ಲಿ ಬಂದ ಆ ಕಾರು ನೀಸ್ ರೇಸುಗಳಲ್ಲಿ ಎಲ್ಲರನ್ನೂ ಹಿಂದೆ ಹಾಕಿತು. ಮುಂದೆ ಯೆಲಿನೆಕ್ ತಮ್ಮ ಹೆಸರಿಗೇ ಮರ್ಸಿಡಿಸ್ ಸೇರಿಸಿಕೊಂಡರು. ಮಗಳ ಹೆಸರನ್ನು ಅಪ್ಪ ಇಟ್ಟುಕೊಂಡ ಅಪರೂಪದ ಕಥೆ ಇದು. ಎರಡು ಕಂಪನಿ ಒಂದಾಗಿ ಮರ್ಸಿಡಿಸ್-ಬೆಂಜ್ ಆಗಿದ್ದು 1926ರಲ್ಲಿ.

ಬೆಂಜ್ ಮನೆಯಲ್ಲಿ ನೆನೆಯಬೇಕಾದ ಹೆಣ್ಣುಮಗಳು ಬೇರೊಬ್ಬರಿದ್ದಾರೆ, ಕಾರ್ಲ್ ಅವರ ಹೆಂಡತಿ ಬರ್ತಾ. ಗಂಡನ ವರ್ಕ್‌ಶಾಪಿಗೆ ತಮ್ಮ ವರದಕ್ಷಿಣೆಯ ಹಣ ಹಾಕಿದವರು ಅವರೇ. ಗಾಡಿ ತಯಾರಾದರೂ ಕೊಳ್ಳುವವರಿಲ್ಲ. 1888ರ ಆಗಸ್ಟ್‌ನಲ್ಲಿ ಒಂದು ಬೆಳಿಗ್ಗೆ ಗಂಡನಿಗೆ ಹೇಳದೆ ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು ತವರೂರು ಫೋರ್ಟ್‌ಝ್‌ಹೈಮ್‌ಗೆ ಹೊರಟರು. ಒಂದು ಕಡೆಗೆ ನೂರು ಕಿಲೋಮೀಟರ್ ಮೇಲಿನ ದಾರಿ. ಇಂಧನ ಖಾಲಿಯಾದಾಗ ಔಷಧಿ ಅಂಗಡಿಯಲ್ಲಿ ಕೊಂಡರು. ಪೈಪು ಕಟ್ಟಿಕೊಂಡಾಗ ಟೋಪಿಯ ಪಿನ್ನಿನಿಂದ ಬಿಡಿಸಿದರು. ಬ್ರೇಕು ಸವೆದಾಗ ದಾರಿಯಲ್ಲಿ ಚಮ್ಮಾರರಿಂದ ಚರ್ಮ ಹೊಡೆಸಿದರು. ದಿಣ್ಣೆ ಬಂದಾಗ ಮಕ್ಕಳು ಇಳಿದು ತಳ್ಳಿದರು. ಹಿಂದಿರುಗಿ ಬಂದು ‘ಏರು ಹತ್ತಲು ಇನ್ನೊಂದು ಗೇರು ಬೇಕು’ ಅಂತ ಗಂಡನಿಗೆ ಹೇಳಿದರು. ನಿಮ್ಮ ತಂದೆಯವರು ಚಾರ್ಮಾಡಿಯಲ್ಲಿ ಗೇರು ಇಳಿಸಿದಾಗಲೆಲ್ಲ ಆ ತಾಯಿಯ ಮಾತು ಕೆಲಸ ಮಾಡುತ್ತಿತ್ತು ಅಂತ ನನಗೆ ಅನ್ನಿಸುತ್ತದೆ.

ಇಲ್ಲಿ ಒಂದು ಅಡ್ಡಮಾತು ಹೇಳದೆ ಇರಲಾರೆ. ಬೆಂಜ್‌ನ ಮುಖ್ಯ ಕಾರ್ಖಾನೆ ಸ್ಟುಟ್‌ಗಾರ್ಟ್‌ನ ಉಂಟರ್‌ಟುರ್ಕ್‌ಹೈಮ್‌ನಲ್ಲಿದೆ. ಅದರ ಪಕ್ಕದ ಊರೇ ಎಸ್ಲಿಂಗನ್. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’ ಹೊರಡಿಸಿದ ಹರ್ಮನ್ ಮೋಗ್ಲಿಂಗ್ ಕೊನೆಯ ದಿನಗಳನ್ನು ಕಳೆದು 1881ರಲ್ಲಿ ಕಣ್ಣುಮುಚ್ಚಿದ್ದು ಅದೇ ಊರಿನಲ್ಲಿ. ನಿಮ್ಮ ತಂದೆಯವರು ಹೊತ್ತು ತರುತ್ತಿದ್ದ ಮಂಗಳೂರು ಹೆಂಚನ್ನು ಶುರು ಮಾಡಿದ್ದೂ ಅವರ ಬಾಸೆಲ್ ಮಿಶನ್ನಿನವರೇ. ಕನ್ನಡ ಪತ್ರಿಕೆಯಲ್ಲಿ ಕೆಲಸ ಮಾಡುವ ನನಗೆ ಆ ನಾಡು ಎಲ್ಲೋ ದೂರದ್ದು ಅನ್ನಿಸುವುದಿಲ್ಲ.

ಹಾಗಂತ ಆ ಕಂಪನಿಯ ಎಲ್ಲವನ್ನೂ ಹೊಗಳಲು ಬರುವುದಿಲ್ಲ. ಹಿಟ್ಲರ್ ನಿಂತು ಕೈ ಎತ್ತುತ್ತಿದ್ದ ತೆರೆದ ದೊಡ್ಡ ಕಾರು ಮರ್ಸಿಡಿಸ್. ಯುದ್ಧದ ಕಾಲದಲ್ಲಿ ಕಾರ್ಖಾನೆಗಳಲ್ಲಿ ವಿಮಾನದ ಎಂಜಿನ್ನು, ಸೈನ್ಯದ ಲಾರಿ ತಯಾರಾದವು. 1944ರ ಹೊತ್ತಿಗೆ ಅಲ್ಲಿ ದುಡಿಯುತ್ತಿದ್ದವರಲ್ಲಿ ಸುಮಾರು ಅರ್ಧದಷ್ಟು ಜನ ಬಲವಂತದಿಂದ ತಂದವರು, ಯುದ್ಧ ಕೈದಿಗಳು, ಸೆರೆ ಶಿಬಿರದವರು. ಕಂಪನಿ ಇದನ್ನು ಬಾಯಿಬಿಟ್ಟು ಒಪ್ಪಿಕೊಳ್ಳಲು ನಾಲ್ಕು ದಶಕ ಬೇಕಾಯಿತು. 1980ರ ದಶಕದಲ್ಲಿ ಇತಿಹಾಸಕಾರರಿಂದ ಅಧ್ಯಯನ ಮಾಡಿಸಿ, 1988ರಲ್ಲಿ 2 ಕೋಟಿ ಮಾರ್ಕ್ ಪರಿಹಾರ ಕೊಟ್ಟಿತು. ತಡವಾಯಿತು, ತುಂಬಾ ತಡವಾಯಿತು. ನಕ್ಷತ್ರದ ಹೊಳಪಿನ ಬಗ್ಗೆ ಬರೆಯುವಾಗ ಇದನ್ನು ಬಿಟ್ಟು ಬರೆದರೆ ಆ ಜನರಿಗೆ ಮತ್ತೊಮ್ಮೆ ಅನ್ಯಾಯ ಮಾಡಿದಂತೆ.

ಯುದ್ಧ ಮುಗಿದ ಮೇಲಿನ ನಲವತ್ತು ವರ್ಷವೇ ಬೆಂಜ್ ಹೆಸರಿನ ನಿಜವಾದ ದುಡಿಮೆ. ಬೇಲಾ ಬಾರೆನ್ಯಿ ಎಂಬ ಎಂಜಿನಿಯರ್ ಒಂದು ವಿಚಿತ್ರ ಮಾತು ಹೇಳಿದರು: ಡಿಕ್ಕಿಯಾದಾಗ ಕಾರಿನ ಮುಂಭಾಗ ನುಜ್ಜುಗುಜ್ಜಾಗಬೇಕು. ಅಲ್ಲಿಯವರೆಗೆ ಎಲ್ಲರೂ ಕಾರು ಕಲ್ಲಿನಂತೆ ಗಟ್ಟಿಯಿದ್ದರೆ ಒಳಗಿನವರು ಕ್ಷೇಮ ಅಂದುಕೊಂಡಿದ್ದರು. ಮುಂದೆ, ಹಿಂದೆ ಮುದುಡಿಕೊಂಡು ಹೊಡೆತವನ್ನು ತಾನು ತಿನ್ನಲಿ, ನಡುವಿನ ಪೆಟ್ಟಿಗೆ ಮಾತ್ರ ಗಟ್ಟಿಯಾಗಿರಲಿ ಅನ್ನುವುದು ಅವರ ಲೆಕ್ಕ. 1959ರಲ್ಲಿ ಅಂಥ ಕಾರು ರಸ್ತೆಗೆ ಬಂತು. 1969ರಿಂದ ಕಂಪನಿಯ ಎಂಜಿನಿಯರುಗಳು ಸ್ಟುಟ್‌ಗಾರ್ಟ್ ಸುತ್ತಮುತ್ತ ಅಪಘಾತವಾದ ಜಾಗಕ್ಕೇ ಹೋಗಿ, ಜಜ್ಜಿಹೋದ ತಮ್ಮ ಕಾರುಗಳನ್ನು ಅಳೆದು ಬರುತ್ತಿದ್ದರು. ಎಲ್ಲಿ ಮುರಿಯಿತು, ಯಾರಿಗೆ ಎಲ್ಲಿ ಪೆಟ್ಟಾಯಿತು ಅಂತ ಬರೆದಿಟ್ಟುಕೊಳ್ಳುತ್ತಿದ್ದರು. 1978ರಲ್ಲಿ ಬಾಷ್ ಕಂಪನಿ ಜೊತೆ ಸೇರಿ, ಜೋರಾಗಿ ಒತ್ತಿದರೂ ಗಾಲಿ ಕಚ್ಚಿಕೊಂಡು ಜಾರದಂತೆ ತಡೆಯುವ ಎಬಿಎಸ್ ಬ್ರೇಕು ತಂದರು. 1981ರಲ್ಲಿ ಏರ್‌ಬ್ಯಾಗ್ ಬಂತು. ಇವತ್ತು ನಮ್ಮ ಮಾಮೂಲಿ ಕಾರುಗಳಲ್ಲೂ ಇವೆಲ್ಲ ಇವೆ, ಅಲ್ವಾ? ದೊಡ್ಡವರ ಕಾರಿನಲ್ಲಿ ಮೊದಲು ಬಂದು, ಆಮೇಲೆ ಎಲ್ಲರ ಜೀವ ಕಾಯುವ ವಸ್ತುಗಳಾದವು.

ಗಟ್ಟಿತನದ ಮಾತಿಗೆ ಒಂದೇ ಉದಾಹರಣೆ ಸಾಕು. ಗ್ರೀಸಿನ ಒಬ್ಬ ಟ್ಯಾಕ್ಸಿ ಚಾಲಕರು 1976ರ 240ಡಿ ಎಂಬ ಬೆಂಜ್ ಡೀಸೆಲ್ ಕಾರನ್ನು, ಎಂಜಿನ್ ಬದಲಾಯಿಸಿಕೊಳ್ಳುತ್ತಾ, 46 ಲಕ್ಷ ಕಿಲೋಮೀಟರ್ ಓಡಿಸಿ 2004ರಲ್ಲಿ ಕಂಪನಿಯ ಮ್ಯೂಸಿಯಮ್ಮಿಗೆ ಕೊಟ್ಟರು. ಭೂಮಿಯಿಂದ ಚಂದ್ರನಿಗಿರುವ ದೂರದ ಹನ್ನೆರಡು ಪಟ್ಟು!

ನಿಮ್ಮ ಕಾಗದ ಓದಿದ ವಾರ ನಾನು ಬೆಂಗಳೂರಿನಲ್ಲಿ ಪರಿಚಯದ ಮೆಕ್ಯಾನಿಕ್ ಒಬ್ಬರ ಶೆಡ್ಡಿಗೆ ಹೋಗಿದ್ದೆ. ಅಲ್ಲೊಂದು 1990ರ ದಶಕದ ಡಬ್ಲ್ಯು124 ಬೆಂಜ್ ಕಾರು ನಿಂತಿತ್ತು. 1984ರಲ್ಲಿ ಜರ್ಮನಿಯಲ್ಲಿ ಶುರುವಾಗಿ, 1995ರಲ್ಲಿ ಪುಣೆಯಲ್ಲಿ ಜೋಡಣೆಯಾಗತೊಡಗಿದ ಮಾದರಿ. ನಮ್ಮ ದೇಶದಲ್ಲಿ ತಯಾರಾದ ಮೊದಲ ಬೆಂಜ್ ಕಾರು ಇದೇ. ಅವರು ಹಿಂದಿನ ಕೆಂಪು ದೀಪದ ಮೇಲೆ ನನ್ನ ಬೆರಳಿಟ್ಟು ಸವರಿಸಿದರು. ಗಾಜು ನುಣುಪಾಗಿಲ್ಲ, ಉಳುಮೆ ಮಾಡಿದ ಹೊಲದಂತೆ ಏರು ತಗ್ಗು. ‘ಯಾಕೆ ಗೊತ್ತಾ ಸಾರ್? ಕೆಸರು ಹಾರಿದ್ರೆ ಮೇಲಿನ ಗೆರೆಗೆ ಮಾತ್ರ ಮೆತ್ಕೊಳ್ಳುತ್ತೆ. ಒಳಗಿನ ಗೆರೆ ಕ್ಲೀನಾಗಿರುತ್ತೆ. ಹಿಂದಿನವನಿಗೆ ದೀಪ ಕಾಣುತ್ತೆ’ ಅಂದರು. ಮುಂದಿನ ಗಾಜಿಗೆ ಒಂದೇ ವೈಪರ್. ಚಾಲೂ ಮಾಡಿದರು. ಅದು ಸುಮ್ನೆ ಅರ್ಧ ವೃತ್ತ ಹೊಡೆಯಲಿಲ್ಲ. ಮೂಲೆ ಬಂದಾಗ ಕೈ ಉದ್ದ ಮಾಡಿ, ನಡುವೆ ಬಂದಾಗ ಒಳಗೆ ಎಳೆದುಕೊಂಡು, ಮೂಲೆಮೂಲೆಯ ನೀರನ್ನೂ ಒರೆಸಿತು. ಬಾಗಿಲ ಮೇಲೆ ಸೀಟಿನ ಆಕಾರದ್ದೇ ಒಂದು ಪುಟ್ಟ ಸ್ವಿಚ್ಚು. ಬೆನ್ನಿನ ಭಾಗ ಒತ್ತಿದರೆ ಸೀಟಿನ ಬೆನ್ನು ಒರಗುತ್ತದೆ, ಕೂರುವ ಭಾಗ ತಳ್ಳಿದರೆ ಸೀಟು ಸರಿಯುತ್ತದೆ. ಓದು ಬರಹ ಬಾರದವರಿಗೂ ಹೇಳಿಕೊಡಬೇಕಾಗಿಲ್ಲ. ಇಳಿದು ಬಾಗಿಲು ತಳ್ಳಿದೆ. ಮನೆಯ ಹಳೇ ತೇಗದ ಬಾಗಿಲು ಹಾಕಿದಂತೆ ‘ದಪ್’ ಅಂತ ಕೂತಿತು. ಆ ದೀಪದ ಗೆರೆಗಳನ್ನು ಯೋಚಿಸಿದವನು ಕಾರು ಕೊಳ್ಳುವವನ ಬಗ್ಗೆ ಯೋಚಿಸಲಿಲ್ಲ. ಹಿಂದೆ ಬರುವ ಅಪರಿಚಿತನ ಬಗ್ಗೆ ಯೋಚಿಸಿದ. ನಾನು ಬಹಳ ಹೊತ್ತು ಅಲ್ಲೇ ನಿಂತಿದ್ದೆ.

ಹಾಗಾದರೆ ಕೆಟ್ಟಿದ್ದು ಯಾವಾಗ? ಆ ಹೆಸರು ತುತ್ತತುದಿಯಲ್ಲಿ ಇದ್ದಾಗಲೇ.

1989ರಲ್ಲಿ ಜಪಾನಿನ ಟೊಯೊಟಾ ಅಮೆರಿಕದಲ್ಲಿ ಲೆಕ್ಸಸ್ ಕಾರು ತಂದಿತು. ಸದ್ದಿಲ್ಲ, ಕೆಡುವುದಿಲ್ಲ, ಬೆಲೆ ಬೆಂಜ್‌ಗಿಂತ ಎಷ್ಟೋ ಕಡಿಮೆ. ಅಲ್ಲಿಯವರೆಗೆ ಬೆಂಜ್‌ನಲ್ಲಿ ಎಂಜಿನಿಯರುಗಳು ಮೊದಲು ಕಾರು ಮಾಡುತ್ತಿದ್ದರು, ಆಮೇಲೆ ಬೆಲೆ ಕಟ್ಟುತ್ತಿದ್ದರು. ಈಗ ಲೆಕ್ಕ ತಿರುಗಾಮುರುಗಾ ಆಯಿತು. ಮೊದಲು ಬೆಲೆ, ಆ ಬೆಲೆಯೊಳಗೆ ಕಾರು. ಇದರಲ್ಲಿ ತಪ್ಪೇನಿಲ್ಲ, ಎಲ್ಲ ಕಂಪನಿಗಳೂ ಮಾಡುವುದು ಅದನ್ನೇ. ಆದರೆ ಇವರು ಕಣ್ಣಿಗೆ ಕಾಣದ ಕಡೆ ಕೈ ಬಿಗಿ ಹಿಡಿದರು. 1990ರ ದಶಕದ ಮೊದಲ ಭಾಗದ ಎಷ್ಟೋ ಎಂಜಿನ್‌ಗಳಲ್ಲಿ ವೈರಿನ ಹೊದಿಕೆ ಬಿಸಿಗೆ ಒಣಗಿ ಪುಡಿಪುಡಿ ಉದುರುತ್ತಿತ್ತು. 1995ರಲ್ಲಿ ಬಂದ ಇ-ಕ್ಲಾಸ್ ಯುರೋಪಿನ ಉಪ್ಪು ಹಾಕಿದ ಚಳಿಗಾಲದ ರಸ್ತೆಗಳಲ್ಲಿ ತುಕ್ಕು ಹಿಡಿಯಿತು. ಬೆಂಜ್‌ಗೆ ತುಕ್ಕು! ಅದರ ಅಪ್ಪನಂಥ ಕಾರುಗಳು ಟ್ಯಾಕ್ಸಿಯಾಗಿ ಓಡಾಡುತ್ತಿದ್ದ ಊರುಗಳಲ್ಲೇ ಇದು ಆಯಿತು.

1998ರಲ್ಲಿ ಅಮೆರಿಕದ ಕ್ರೈಸ್ಲರ್ ಕಂಪನಿಯನ್ನು ಸುಮಾರು 3,600 ಕೋಟಿ ಡಾಲರಿನ ವ್ಯವಹಾರದಲ್ಲಿ ಸೇರಿಸಿಕೊಂಡರು. ಒಂಬತ್ತು ವರ್ಷದ ಸಂಸಾರ. 2007ರಲ್ಲಿ ಅದರ ದೊಡ್ಡ ಪಾಲನ್ನು ಬೇರೆಯವರಿಗೆ ಬಿಟ್ಟುಕೊಟ್ಟು ಕೈ ತೊಳೆದುಕೊಂಡರು. ಆ ವರ್ಷಗಳಲ್ಲಿ ಗಮನ, ಹಣ ಎರಡೂ ಎಲ್ಲೆಲ್ಲೋ ಹರಿದವು. ಇ-ಕ್ಲಾಸ್, ಎಸ್‌ಎಲ್ ಕಾರುಗಳಿಗೆ ತಂತಿ, ಕಂಪ್ಯೂಟರ್ ಮೂಲಕ ನಡೆಯುವ ಹೊಸ ಬ್ರೇಕು ಹಾಕಿದ್ದರು. 2004ರಲ್ಲಿ ಅದಕ್ಕಾಗಿ 6,80,000 ಕಾರು ವಾಪಸ್ ಕರೆಸಬೇಕಾಯಿತು. 2005ರಲ್ಲಿ ಬ್ರೇಕು, ಕರೆಂಟಿನ ದೋಷಗಳಿಗಾಗಿ ಮತ್ತೆ 13 ಲಕ್ಷ. ಕೂತು ಉಂಡರೆ ಕುಡಿಕೆ ಹೊನ್ನು ಸಾಲದು ಅಂತಾರಲ್ಲ, ಅದೇ ಆಯಿತು. 1970–80ರ ದಶಕದ ಎಂಜಿನಿಯರುಗಳು ದುಡಿದಿಟ್ಟ ಹೆಸರನ್ನು 1990ರ ದಶಕದವರು ಕೂತು ಉಂಡರು. ಉಣ್ಣುವಾಗ ಗೊತ್ತಾಗಲಿಲ್ಲ, ಯಾಕೆಂದರೆ ಜನ ಹಳೆಯ ಹೆಸರು ನಂಬಿ ಕೊಳ್ಳುತ್ತಲೇ ಇದ್ದರು.

ಈ ಕೆಟ್ಟ ವರ್ಷಗಳ ನಡುವೆಯೇ ಒಂದು ಘಟನೆ ನಡೆಯಿತು. ನನಗೆ ಅದು ಬಹಳ ಇಷ್ಟ. 1997ರ ಅಕ್ಟೋಬರ್. ಬೆಂಜ್‌ನ ಹೊಸ ಪುಟ್ಟ ಕಾರು ಎ-ಕ್ಲಾಸ್ ಆಗಷ್ಟೇ ಬಂದಿತ್ತು. ಸ್ವೀಡನ್ನಿನ ಒಂದು ಕಾರು ಪತ್ರಿಕೆಯವರು ಅದನ್ನು ತಮ್ಮ ಮಾಮೂಲಿ ಪರೀಕ್ಷೆಗೆ ಹಚ್ಚಿದರು. ಅಲ್ಲಿನ ರಸ್ತೆಗೆ ಇದ್ದಕ್ಕಿದ್ದಂತೆ ದೊಡ್ಡ ಕಡವೆಯಂಥ ಮೂಸ್ ಪ್ರಾಣಿ ಅಡ್ಡ ಬರುತ್ತದೆ. ಅದನ್ನು ತಪ್ಪಿಸಲು ಸ್ಟೇರಿಂಗ್ ಎಡಕ್ಕೆಳೆದು ಬಲಕ್ಕೆಳೆದರೆ ಕಾರು ಮಗುಚದೆ ಉಳಿಯುತ್ತದೆಯೇ ಅನ್ನುವುದು ಪರೀಕ್ಷೆ. ಕಾರು ಮಗುಚಿಬಿತ್ತು. ಇಡೀ ಯುರೋಪೇ ಮಾತಾಡಿಕೊಂಡಿತು. ಪೂರ್ವ ಜರ್ಮನಿಯ ಹಳೇ ಟ್ರಾಬಂಟ್ ಕಾರು ಅದೇ ಪರೀಕ್ಷೆಯಲ್ಲಿ ಮಗುಚದೆ ನಿಂತಿದ್ದು ಬೆಂಜ್‌ಗೆ ಇನ್ನಷ್ಟು ನೋವು. ಕಂಪನಿ ಮೊದಲು ವಾದಕ್ಕೆ ನಿಂತಿತು. ಆಮೇಲೆ ಸೋಲೊಪ್ಪಿಕೊಂಡು ವಾರಗಟ್ಟಲೆ ಮಾರಾಟ ನಿಲ್ಲಿಸಿತು. ಕಾರು ಜಾರುವಾಗ ಒಂದೊಂದು ಗಾಲಿಗೆ ಬೇರೆ ಬೇರೆ ಬ್ರೇಕು ಹಾಕಿ ದಾರಿಗೆ ತರುವ ಇಎಸ್‌ಪಿ ವ್ಯವಸ್ಥೆ ಆಗ ದುಬಾರಿ ಕಾರುಗಳಲ್ಲಿ ಮಾತ್ರ ಇತ್ತು. ಅದನ್ನು ತನ್ನ ಅತಿ ಅಗ್ಗದ ಕಾರಿಗೇ ಹಾಕಿ ಕೊಟ್ಟಿತು. ಆಗಲೇ ಮಾರಿದ ಕಾರುಗಳನ್ನೂ ಕರೆಸಿ ಬಿಟ್ಟಿಯಾಗಿ ಹಾಕಿಕೊಟ್ಟಿತು. ಆಮೇಲೆ ಉಳಿದ ಕಂಪನಿಗಳ ಸಣ್ಣ ಕಾರುಗಳಿಗೂ ಅದು ಬಂತು. ಪತ್ರಿಕೆಯೊಂದು ಜಾಹೀರಾತಿಗೆ ಹೆದರದೆ ಕಂಡದ್ದನ್ನು ಬರೆದಿದ್ದಕ್ಕೆ ಎಷ್ಟು ಜೀವ ಉಳಿದವೋ. ನಮ್ಮ ಕಸುಬಿನ ಬಗ್ಗೆ ನನಗೆ ಹೆಮ್ಮೆ ಅನ್ನಿಸುವ ಘಟನೆಗಳಲ್ಲಿ ಇದೂ ಒಂದು.

2006ರ ನಂತರ ಗಾಡಿಗಳು ನಿಧಾನವಾಗಿ ಸುಧಾರಿಸಿದವು. ಆದರೆ ಈಗ ಕೆಟ್ಟ ಹೆಸರು ಹಿಂದೆ ಬರತೊಡಗಿತ್ತು! ನಿಮ್ಮ ಅಳಿಯನಿಗೆ ಬೇಡ ಅಂದವರಲ್ಲಿ ಎಷ್ಟೋ ಜನರ ಮನಸ್ಸಿನಲ್ಲಿರುವುದು ಆ ಇಪ್ಪತ್ತು ವರ್ಷದ ಹಿಂದಿನ ಬೆಂಜ್. ಹೊಸ ತಪ್ಪುಗಳೂ ಆಗಿವೆ. ಡೀಸೆಲ್ ಹೊಗೆಯ ವಿಷಯದಲ್ಲಿ ಮೋಸ ಮಾಡಿದ ಆರೋಪಕ್ಕೆ 2020ರಲ್ಲಿ ಅಮೆರಿಕದಲ್ಲಿ ಸುಮಾರು 220 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಇನ್ನೊಂದು ಕಡೆ, ಫಾರ್ಮುಲಾ ಒನ್ ರೇಸಿನಲ್ಲಿ 2014ರಿಂದ 2021ರವರೆಗೆ ಸತತ ಎಂಟು ವರ್ಷ ತಂಡಗಳ ಪಟ್ಟ ಗೆದ್ದಿತು. 2022ರಲ್ಲಿ 1955ರ ಒಂದು ಹಳೇ ರೇಸಿಂಗ್ ಕೂಪೆಯನ್ನು 13.5 ಕೋಟಿ ಯೂರೋಗೆ ಹರಾಜು ಹಾಕಿತು. ಅದಕ್ಕಿಂತ ಮೊದಲು ಯಾವ ಕಾರೂ ಆ ಬೆಲೆಗೆ ಹೋಗಿರಲಿಲ್ಲ.

ಈಗಿನ ದೂರು ಪರದೆಗಳದ್ದು. ಡ್ಯಾಶ್‌ಬೋರ್ಡಿನ ಆ ತುದಿಯಿಂದ ಈ ತುದಿಯವರೆಗೆ ಗಾಜು. ಎಸಿ ಕಡಿಮೆ ಮಾಡಲೂ ಅದನ್ನೇ ಮುಟ್ಟಬೇಕು. ನನ್ನ ಅಭಿಪ್ರಾಯ ಕೇಳಿದರೆ, ಆ ಸೀಟಿನ ಆಕಾರದ ಸ್ವಿಚ್ಚು ಮಾಡಿದ ಮನೆಯವರಿಗೆ ಇದು ತಕ್ಕದ್ದಲ್ಲ. ರಸ್ತೆಯಿಂದ ಕಣ್ಣು ತೆಗೆಯದೆ ಕೈ ತಾನೇ ಹುಡುಕಿಕೊಳ್ಳುವಂತೆ ಇರಬೇಕು ಅನ್ನುವುದನ್ನು ಲೋಕಕ್ಕೆ ಕಲಿಸಿದವರು ಅವರೇ. ಇದನ್ನು ಹೇಳುವಾಗ ನನಗೆ ಇನ್ನೊಂದು ವಿಷಯವೂ ನೆನಪಾಗುತ್ತದೆ. 1996ರಲ್ಲಿ ಬೆಂಜ್ ಬೆಂಗಳೂರಿನಲ್ಲಿ ಒಂದು ಸಂಶೋಧನಾ ಕೇಂದ್ರ ತೆರೆಯಿತು. ಜರ್ಮನಿಯ ಹೊರಗಿನ ಅದರ ಅತಿ ದೊಡ್ಡ ಕೇಂದ್ರ ಈಗ ಅದು. ಸಾವಿರಾರು ಎಂಜಿನಿಯರುಗಳು ಅಲ್ಲಿ ದುಡಿಯುತ್ತಾರೆ. ಮುಂದಿನ ಕಾರುಗಳು ಹೇಗಿರುತ್ತವೆ ಅನ್ನುವುದರಲ್ಲಿ ನಮ್ಮ ಊರಿನ ಹುಡುಗ ಹುಡುಗಿಯರ ಕೈಯೂ ಇದೆ. ಅವರಲ್ಲಿ ಯಾರಾದರೂ ಇದನ್ನು ಓದುತ್ತಿದ್ದರೆ, ಒಮ್ಮೆ ಒಂದು ಹಳೇ ಡಬ್ಲ್ಯು124ರ ಹಿಂದಿನ ದೀಪವನ್ನು ಮುಟ್ಟಿ ನೋಡಿ ಅಂತ ಕೇಳಿಕೊಳ್ಳುತ್ತೇನೆ.

ಕೊನೆಗೆ ನಿಮ್ಮ ಅಳಿಯನ ವಿಷಯ. ಹತ್ತು ವರ್ಷದ ಬೆಂಜ್ ಹೊಸ ಸಣ್ಣ ಕಾರಿನ ಬೆಲೆಗೆ ಸಿಗಬಹುದು. ಆದರೆ ಅದರ ಬಿಡಿಭಾಗಕ್ಕೆ ವಯಸ್ಸಾಗುವುದಿಲ್ಲ. ಅದು ದೊಡ್ಡ ಕಾರಿನ ಬೆಲೆಯಲ್ಲೇ ಇರುತ್ತದೆ. ಹಾಗಾಗಿ ಮೊದಲ ದಿನದಿಂದ ಸರ್ವಿಸ್ ಮಾಡಿಸಿದ ದಾಖಲೆ ಪೂರ್ತಿ ಇದ್ದರೆ ಮಾತ್ರ ನೋಡಲಿ. ಏರ್ ಸಸ್ಪೆನ್ಶನ್, ಅಂದರೆ ಸ್ಪ್ರಿಂಗಿನ ಬದಲು ಗಾಳಿ ತುಂಬಿದ ಚೀಲಗಳ ಮೇಲೆ ನಿಲ್ಲುವ ಗಾಡಿಯಾದರೆ ರಾತ್ರಿಯಿಡೀ ನಿಲ್ಲಿಸಿ ಬೆಳಿಗ್ಗೆ ನೋಡಲಿ. ಒಂದು ಮೂಲೆ ಕುಸಿದಿದ್ದರೆ ಕೈ ಬಿಡಲಿ. ಬೆಂಜ್ ಗೊತ್ತಿರುವ ಮೆಕ್ಯಾನಿಕ್ ಒಬ್ಬರಿಂದ ಕಂಪ್ಯೂಟರ್ ಹಾಕಿ ಪೂರ್ತಿ ಚೆಕ್ ಮಾಡಿಸಲಿ. ಕೊಳ್ಳುವ ಬೆಲೆಯ ಜೊತೆಗೆ ಮೊದಲ ವರ್ಷದ ರಿಪೇರಿಗೆ ಬೇರೆ ಹಣ ಎತ್ತಿಡಲು ಆಗುವುದಾದರೆ ಕೊಳ್ಳಲಿ, ಇಲ್ಲದಿದ್ದರೆ ಬೇಡ. ಚಿಕ್ಕಮಗಳೂರಿನಿಂದ ಸರ್ವಿಸ್ ಸೆಂಟರ್ ಎಷ್ಟು ದೂರ ಅನ್ನುವುದನ್ನೂ ಯೋಚಿಸಲಿ. ಲಾರಿಯ ನೆನಪಿಗೆ ಕಾರು ಕೊಳ್ಳುವುದು ಮಾತ್ರ ಬೇಡ. ಆ ಲಾರಿಯ ಗುಣ ಈ ಕಾರಿಗೆ ತಾನಾಗಿ ಬಂದಿರುವುದಿಲ್ಲ.

ಟ್ರಂಕಿನಲ್ಲಿರುವ ನಕ್ಷತ್ರದ ಒಂದು ಫೋಟೋ ಕಳಿಸಿಕೊಡುತ್ತೀರಾ? ತಂದೆಯವರು ಲಾರಿ ಪಕ್ಕ ನಿಂತ ಚಿತ್ರ ಇದ್ದರೆ ಅದನ್ನೂ ಕಳಿಸಿ, ಜೋಪಾನವಾಗಿ ಹಿಂದಿರುಗಿಸುತ್ತೇವೆ. ನಕ್ಷತ್ರವನ್ನು ಬ್ರಾಸೊ ಹಾಕಿ ಉಜ್ಜಬೇಡಿ. ಘಾಟಿಯ ಮಳೆಯಲ್ಲಿ ಅದು ಹೇಗೆ ಮಾಸಿತ್ತೋ ಹಾಗೇ ಅಚ್ಚು ಮಾಡುವ ಆಸೆ ನನಗೆ.

— ಸಂಪಾದಕ